ಮಂಗಳೂರಿನ ಮಿಷನ್, ದುವಾಲಾದ ಸಭೆ

ಪ್ರಿಯ ಓದುಗರೆ,

ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ತಾವು ಬರೆದ ಪತ್ರ ತಲುಪಿದೆ. ಮಂಗಳೂರಿಗೆ ಬಂದ ಆ ಮಿಷನ್ನೇ ಮಧ್ಯ ಆಫ್ರಿಕದ ಕ್ಯಾಮರೂನಿಗೂ ಹೋಯಿತೆ, ಹೋಗಿದ್ದರೆ ಅಲ್ಲಿಯೂ ಹಂಚಿನ ಕಾರ್ಖಾನೆ, ನಿಘಂಟು ಎಲ್ಲ ಬಂದವೆ, ಅಲ್ಲಿಯ ಕ್ರೈಸ್ತ ಸಭೆಗಳನ್ನು ಕಟ್ಟಿದವರು ಬಿಳಿಯ ಪಾದ್ರಿಗಳೇ ಎಂಬ ಮಾತು ನಿಜವೆ, ಆ ಕಾಲದ ಚಿತ್ರಗಳು ಎಲ್ಲಿ ಸಿಗುತ್ತವೆ ಎಂದು ಕೇಳಿದ್ದೀರಿ. ಮೂರನೆಯ ಪ್ರಶ್ನೆಯೇ ಮುಖ್ಯವಾದ್ದರಿಂದ ಅದಕ್ಕೆ ಮೊದಲೇ ಹೇಳಿಬಿಡುತ್ತೇವೆ: ಆ ಮಾತು ನಿಜವಲ್ಲ.

ಬಾಸೆಲ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಕ್ಯಾಮರೂನಿನ ಕರಾವಳಿಯಲ್ಲಿ ಇಳಿದದ್ದು 1886ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ಕ್ರೈಸ್ತ ಸಭೆಗಳು ಹುಟ್ಟಿ ನಾಲ್ಕು ದಶಕ ಕಳೆದಿತ್ತು. ಜಮೈಕಾದಲ್ಲಿ 1838ರಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಂಡಾಗ, ಅಲ್ಲಿಯ ಬ್ಯಾಪ್ಟಿಸ್ಟ್ ಸಭೆಗಳು ತಮ್ಮ ಪೂರ್ವಜರ ನಾಡಿಗೆ ಸುವಾರ್ತೆ ಹೋಗಲೇಬೇಕೆಂದು ಒತ್ತಾಯಿಸಿದವು. ಹಾಗೆ ಬಂದವರಲ್ಲಿ ಜೋಸೆಫ್ ಮೆರಿಕ್ ಮೊದಲಿಗರು. ಕ್ಯಾಮರೂನ್ ಕರಾವಳಿಯ ಬಿಂಬಿಯಾದಲ್ಲಿ ನೆಲೆಸಿ ಇಸುಬು ಭಾಷೆಯನ್ನು ಬರಹಕ್ಕೆ ತಂದರು, 1849ರಲ್ಲಿ ತೀರಿಕೊಂಡರು. ಹಡಗುಕಟ್ಟೆಯಲ್ಲಿ ಕೆಲಸ ಮಾಡಿ ಬಂದಿದ್ದ ಇಂಗ್ಲೆಂಡಿನ ಆಲ್ಫ್ರೆಡ್ ಸೇಕರ್ 1845ರಿಂದ ಅದೇ ಕರಾವಳಿಯ ದುವಾಲಾ ಊರಿನಲ್ಲಿದ್ದು ಇಟ್ಟಿಗೆ ಸುಡುವುದನ್ನೂ ಮರಗೆಲಸವನ್ನೂ ಕಲಿಸಿದರು. ದುವಾಲಾ ಭಾಷೆಯ ಪೂರ್ತಿ ಬೈಬಲ್ 1872ರಲ್ಲಿ ಸಿದ್ಧವಾಯಿತು.

1884ರಲ್ಲಿ ಜರ್ಮನಿ ಆ ಕರಾವಳಿಯನ್ನು ವಶಪಡಿಸಿಕೊಂಡಿತು. ಇಂಗ್ಲಿಷ್ ಬ್ಯಾಪ್ಟಿಸ್ಟರು ಅಲ್ಲಿ ಮುಂದುವರಿಯುವುದು ಕಷ್ಟವಾಗಿ ಕೆಲಸವನ್ನು ಬಾಸೆಲ್‌ಗೆ ಒಪ್ಪಿಸಿದರು. ಕಟ್ಟಡ, ಜಮೀನುಗಳ ಹಸ್ತಾಂತರ ಸುಲಭವಾಗಿಯೇ ಆಯಿತು, ಸಭೆಗಳದು ಆಗಲಿಲ್ಲ. ಬ್ಯಾಪ್ಟಿಸ್ಟರ ಪದ್ಧತಿಯಲ್ಲಿ ಪ್ರಾಯಕ್ಕೆ ಬಂದವರಿಗೆ ಮಾತ್ರ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ, ತೀರ್ಮಾನಗಳೆಲ್ಲ ಆಯಾ ಸಭೆಯದೇ. ಬಾಸೆಲ್‌ನವರು ಶಿಶುಗಳಿಗೂ ದೀಕ್ಷಾಸ್ನಾನ ಕೊಡುವವರು, ಸಭೆಗಳೆಲ್ಲ ಕೇಂದ್ರದ ಆಡಳಿತಕ್ಕೆ ಒಳಪಡಬೇಕೆನ್ನುವವರು. ತಮ್ಮ ಹಿರಿಯರನ್ನು ತಾವೇ ಆರಿಸಿಕೊಂಡು ರೂಢಿಯಾಗಿದ್ದ ದುವಾಲಾ ಕ್ರೈಸ್ತರು ಇದನ್ನು ಒಪ್ಪದೆ ಎರಡು ಮೂರು ವರ್ಷಗಳಲ್ಲೇ ಬೇರೆಯಾದರು. ಹೀಗೆ ಹುಟ್ಟಿದ ಸ್ವದೇಶಿ ಬ್ಯಾಪ್ಟಿಸ್ಟ್ ಸಭೆ ಆ ನಾಡಿನ ಮೊದಲ ಸ್ವತಂತ್ರ ಸಭೆಗಳಲ್ಲೊಂದು. ಯಾರೋ ಬಿತ್ತಿದ್ದನ್ನು ಸುಮ್ಮನೆ ಸ್ವೀಕರಿಸಿದವರು ಹೀಗೆ ನಡೆದುಕೊಳ್ಳುವುದಿಲ್ಲ.

ಇನ್ನು ಕೆಲಸ ನಡೆಯುತ್ತಿದ್ದ ಬಗೆ. ಜ್ವರದ ಕರಾವಳಿಯಲ್ಲಿ ಯುರೋಪಿನವರು ಬಹುಕಾಲ ಬಾಳುತ್ತಿರಲಿಲ್ಲ. 1886ರಲ್ಲಿ ಬಂದ ನಾಲ್ವರಲ್ಲಿ ಒಬ್ಬರು ಇಳಿದ ಕೆಲವೇ ದಿನಗಳಲ್ಲಿ ತೀರಿಹೋದರು. ಕ್ವಿನೈನ್ ಕ್ರಮವಾಗಿ ತೆಗೆದುಕೊಳ್ಳುವುದು ರೂಢಿಯಾಗುವವರೆಗೆ, ಸುಮಾರು 1000 ಮೀಟರ್ ಎತ್ತರದ ಬುಯಾದಂಥ ಮಲೆಯ ಮಿಷನ್ ಠಾಣೆಗಳಲ್ಲಿ ಸುಧಾರಿಸಿಕೊಳ್ಳುವುದೇ ದಾರಿ. ಹಾಗಾಗಿ ಹಳ್ಳಿಯ ಕೆಲಸವೆಲ್ಲ ಸ್ಥಳೀಯ ಉಪದೇಶಿಗಳ ಮೇಲೆ ಬಿತ್ತು. ಒಂದು ಊರಿನ ಮುಖ್ಯಸ್ಥ ನಮಗೂ ಒಬ್ಬ ಮೇಷ್ಟ್ರು ಬೇಕು ಎಂದು ಕೇಳಿಕೊಳ್ಳುತ್ತಿದ್ದ. ಜರ್ಮನ್ ಅಧಿಕಾರಿಗಳೊಂದಿಗೂ ವ್ಯಾಪಾರಿಗಳೊಂದಿಗೂ ವ್ಯವಹರಿಸಲು ಓದುಬರಹ ಬಲ್ಲವರು ಊರಿಗೆ ಬೇಕಿತ್ತು. ಜಾಗ ಊರಿನದು, ತಾಳೆಗರಿ ಹೊದಿಸಿದ ಶಾಲೆಮನೆ ಕಟ್ಟುವ ಶ್ರಮವೂ ಊರಿನದೇ. ಮಧ್ಯಮ ಶಾಲೆ ಮುಗಿಸಿದ ಯುವಕ ವಾರವಿಡೀ ದುವಾಲಾ ಬಾಲಬೋಧೆ ಓದಿಸಿ, ಭಾನುವಾರ ಆರಾಧನೆ ನಡೆಸಿ, ದೀಕ್ಷಾಸ್ನಾನಕ್ಕೆ ಬರುವವರನ್ನು ತಯಾರು ಮಾಡುತ್ತಿದ್ದ. ಮಿಷನರಿ ಆಗಾಗ ಸುತ್ತು ಬಂದು ಅವರನ್ನು ಪರೀಕ್ಷಿಸಿ ದೀಕ್ಷೆ ಕೊಡುತ್ತಿದ್ದರು. ಮುಖ್ಯಸ್ಥನಿಗೂ ಉಪದೇಶಿಗೂ ಮನಸ್ತಾಪವಾದರೆ ಶಾಲೆ ಬರಿದಾಗುತ್ತಿತ್ತು. ಬಹುಪತ್ನಿತ್ವವನ್ನು ಮಿಷನ್ ಒಪ್ಪದ ಕಾರಣ ಶಾಲೆಗೆ ಜಾಗ ಕೊಟ್ಟ ಮುಖ್ಯಸ್ಥನೇ ಸಭೆಯ ಹೊರಗೆ ಉಳಿಯಬೇಕಾಗುತ್ತಿತ್ತು.

ಭಾಷೆಯ ವಿಷಯದಲ್ಲಿ ಮಂಗಳೂರಿನ ಹೋಲಿಕೆ ಸ್ವಲ್ಪ ದೂರ ಸಲ್ಲುತ್ತದೆ. ಕಿಟೆಲ್ಲರ ನಿಘಂಟು 1894ರಲ್ಲಿ ಬಂದಂತೆ ಮಿಷನರಿ ಡಿಂಕೆಲಾಕರ್ ಅವರ ದುವಾಲಾ ನಿಘಂಟು 1914ರಲ್ಲಿ ಬಂತು. ಆದರೆ ನೂರಾರು ಭಾಷೆಗಳ ಆ ನಾಡಿನಲ್ಲಿ ಮಿಷನ್ ಎರಡನ್ನು ಎತ್ತಿ ಹಿಡಿಯಿತು: ಕರಾವಳಿ ಮತ್ತು ಕಾಡುನಾಡಿಗೆ ದುವಾಲಾ, 1903ರಲ್ಲಿ ಒಳನಾಡಿನ ಬಾಲಿಯಲ್ಲಿ ಠಾಣೆ ತೆರೆದ ಮೇಲೆ ಹುಲ್ಲುಗಾವಲಿನ ಎತ್ತರ ಸೀಮೆಗೆ ಬಾಲಿಯವರ ಮುಂಗಾಕ. ಪುಸ್ತಕ, ಶಿಕ್ಷಕರು, ಅಚ್ಚಿನ ಖರ್ಚು ನೋಡಿದರೆ ಇದು ಅರ್ಥವಾಗುವ ತೀರ್ಮಾನವೇ. ಆದರೂ ದುವಾಲಾ ಮನೆಮಾತಲ್ಲದ ಮಕ್ಕಳು ಪರಭಾಷೆಯಲ್ಲೇ ಅಕ್ಷರ ಕಲಿಯಬೇಕಾಯಿತು. ಜರ್ಮನರ ಬೆಂಬಲದಿಂದ ನೆರೆಯವರ ಮೇಲೆ ಅಧಿಕಾರ ನಡೆಸಿದ್ದ ಬಾಲಿಯವರ ಭಾಷೆಯನ್ನು ಆ ನೆರೆಯವರು ಮನಸಾರೆ ಹಾಡಿನಲ್ಲೂ ಪ್ರಾರ್ಥನೆಯಲ್ಲೂ ಹೇಗೆ ಬಳಸಿಯಾರು? ಮುಂಗಾಕದ ಹೊಸ ಒಡಂಬಡಿಕೆ 1933ರಲ್ಲಿ, ಪೂರ್ತಿ ಬೈಬಲ್ 1961ರಲ್ಲಿ ಹೊರಬಂದವು. ಅಷ್ಟರಲ್ಲಿ ಶಾಲೆಗಳು ಇಂಗ್ಲಿಷಿನ ಕಡೆ ಹೊರಳಿದ್ದವು. ಇಡೀ ಸೀಮೆಗೆ ಒಂದೇ ಸಭಾಭಾಷೆ ಎಂಬ ನಿರ್ಧಾರ ತಪ್ಪಾಗಿತ್ತೆಂದೇ ನಮ್ಮ ಅಭಿಪ್ರಾಯ.

ಫುಂಬಾನ್‌ನ ಪ್ರಸಂಗ ಇನ್ನೂ ವಿಶೇಷ. ಫುಂಬಾನ್ ರಾಜಧಾನಿಯಾಗಿದ್ದ ಬಾಮುಂ ರಾಜ್ಯದ ಅರಸ ಎನ್‌ಜೋಯಾ ಮಿಷನರಿಗಳು ಬರುವ ಮುಂಚೆಯೇ, 1896ರ ಸುಮಾರಿಗೆ, ತನ್ನದೇ ಲಿಪಿ ರಚಿಸಿಕೊಂಡಿದ್ದ. ಮೊದಲು ಸುಮಾರು 500 ಚಿತ್ರಾಕ್ಷರಗಳಿದ್ದದ್ದನ್ನು 1910ರ ಹೊತ್ತಿಗೆ ಸುಮಾರು 80ಕ್ಕೆ ಇಳಿಸಿದ. 1906ರಲ್ಲಿ ಬಾಸೆಲ್ ಮಿಷನರಿ ಗೋರಿಂಗ್ ಅಲ್ಲಿ ಠಾಣೆ ತೆರೆದಾಗ ಅರಸ ಆದರಿಸಿದ, ಆದರೆ ಸ್ವತಃ ದೀಕ್ಷೆ ಪಡೆಯಲಿಲ್ಲ. ಮಹಾಯುದ್ಧದಲ್ಲಿ ಮಿಷನರಿಗಳು ಹೊರಟುಹೋದ ಮೇಲೆ ಇಸ್ಲಾಂ ಕಡೆ ತಿರುಗಿದ. ಇದನ್ನು ಮಿಷನ್ನಿನ ಸೋಲು ಎಂದಷ್ಟೇ ಬರೆಯುವವರಿದ್ದಾರೆ. ಎರಡೂ ಧರ್ಮಗಳನ್ನು ತೂಗಿ ನೋಡಿ ತನ್ನ ರಾಜ್ಯಕ್ಕೆ ಹೊಂದುವುದನ್ನು ಆರಿಸಿಕೊಂಡ ಅರಸನ ವಿವೇಚನೆಗೆ ಅಲ್ಲಿ ಜಾಗ ಸಿಗುವುದಿಲ್ಲ.

ಮಿಷನ್ ಮತ್ತು ಸರ್ಕಾರ ಒಂದೇ ಎಂಬ ಆಪಾದನೆಯನ್ನೂ ತಾವು ಪ್ರಸ್ತಾಪಿಸಿದ್ದೀರಿ. ಜರ್ಮನ್ ಆಳ್ವಿಕೆಯ ನೆರಳಿನಲ್ಲೇ ಮಿಷನ್ ಬೆಳೆಯಿತು, ಅದನ್ನು ಅಲ್ಲಗಳೆಯಲಾಗದು. ಆದರೆ ದುವಾಲಾ ಜನರನ್ನು ನದಿದಂಡೆಯಿಂದ ಎಬ್ಬಿಸಿ, ಯುರೋಪಿಯನ್ ಪೇಟೆಗೂ ಅವರ ಹೊಸ ಕೇರಿಗೂ ನಡುವೆ ಒಂದು ಕಿಲೋಮೀಟರ್ ಖಾಲಿ ಪಟ್ಟಿ ಬಿಡಬೇಕೆಂದು ಸರ್ಕಾರ ಹೊರಟಾಗ ಬಾಸೆಲ್ ಪಾದ್ರಿಗಳು ಜನರ ಅಳಲಿಗೆ ದನಿಗೂಡಿಸಿದರು. ಆ ಹೋರಾಟದ ಮುಂದಾಳು ರುಡೊಲ್ಫ್ ದುವಾಲಾ ಮಂಗಾ ಬೆಲ್‌ಗಾಗಿ ಕ್ಷಮೆಯನ್ನೂ ಬೇಡಿದರು. ಫಲ ಸಿಗಲಿಲ್ಲ. 1914ರ ಆಗಸ್ಟ್ 8ರಂದು ಅವರನ್ನು ಗಲ್ಲಿಗೇರಿಸಲಾಯಿತು.

ಯುದ್ಧ ಶುರುವಾದಾಗ ನಮ್ಮಲ್ಲಿ ಆದದ್ದೇ ಅಲ್ಲೂ ಆಯಿತು. ಮಂಗಳೂರಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟರು, ಹಂಚಿನ ಕಾರ್ಖಾನೆಗಳು ಕೈತಪ್ಪಿದವು. ಕ್ಯಾಮರೂನಿನಿಂದಲೂ ಅಲ್ಲಿಯ ಮಿಷನರಿಗಳನ್ನು ಸೆರೆಹಿಡಿದು ಸಾಗಿಸಿದರು. ಆ ನಾಡು ಫ್ರೆಂಚರಿಗೂ ಬ್ರಿಟಿಷರಿಗೂ ಹಂಚಿಹೋಯಿತು. ಫ್ರೆಂಚರ ಭಾಗಕ್ಕೆ ಪ್ಯಾರಿಸ್ ಮಿಷನ್ 1917ರಲ್ಲಿ ಬಂತು, ಬ್ರಿಟಿಷರ ಭಾಗಕ್ಕೆ ಬಾಸೆಲ್‌ನವರು ಮರಳಿದ್ದು 1925ರಲ್ಲಿ. ನಡುವಿನ ವರ್ಷಗಳಲ್ಲಿ ಸಂಬಳವಿಲ್ಲ, ಮೇಲ್ವಿಚಾರಣೆಯಿಲ್ಲ, ದೀಕ್ಷೆ ಕೊಡುವ ಅಧಿಕಾರವುಳ್ಳ ಪಾದ್ರಿಗಳು ಬೆರಳೆಣಿಕೆಯಷ್ಟು. ಜೇಕಬ್ ಮೋಡಿ ದಿನ್ ಅವರಂಥ ಸ್ಥಳೀಯ ಪಾದ್ರಿಗಳು ಊರೂರು ಸುತ್ತಿ ಸಭೆಗಳನ್ನು ಉಳಿಸಿದರು. ಉಪದೇಶಿಗಳು ಹೊಲದಲ್ಲಿ ದುಡಿದು ಹೊಟ್ಟೆ ಹೊರೆದುಕೊಂಡು ಶಾಲೆ, ಆರಾಧನೆ ಎರಡನ್ನೂ ನಡೆಸಿದರು. ಕೆಲವು ಕಡೆ ಸಭೆಗಳು ಬೆಳೆದೂ ಇದ್ದವು. ಸಭೆ ಕಟ್ಟಿದವರು ಯಾರು ಎಂಬ ತಮ್ಮ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ನಮಗೆ ಕಾಣದು. ಆಡಳಿತ ಅವರ ಕೈಗೆ ಬಂದದ್ದು ಮಾತ್ರ ತಡವಾಗಿ: 1957ರ ಮಾರ್ಚಿನಲ್ಲಿ ಫ್ರೆಂಚ್ ಭಾಗದ ಇವಾಂಜೆಲಿಕಲ್ ಸಭೆ, ಅದೇ ನವೆಂಬರಿನಲ್ಲಿ ಬ್ರಿಟಿಷ್ ಭಾಗದ ಪ್ರೆಸ್ಬಿಟೇರಿಯನ್ ಸಭೆ ಸ್ವತಂತ್ರವಾದವು.

ಹಂಚಿನ ಬಗ್ಗೆ: ಮಿಷನ್ನಿನ ಮಳಿಗೆ, ಮರಗೆಲಸದ ಶಾಲೆ ಅಲ್ಲಿದ್ದವು, ಮಂಗಳೂರಿನಂಥ ಉದ್ಯಮ ಬೆಳೆಯಲಿಲ್ಲ.

ಚಿತ್ರಗಳಿಗೆ ಬಾಸೆಲ್ ಮಿಷನ್ನಿನ ದಾಖಲೆ ಸಂಗ್ರಹವನ್ನೇ ನೋಡಿ. ಅದು ಈಗ 2001ರಲ್ಲಿ ರೂಪುಗೊಂಡ ಮಿಷನ್ 21 ಸಂಸ್ಥೆಯ ವಶದಲ್ಲಿದೆ, ಬಹುಪಾಲು ಚಿತ್ರಗಳನ್ನು ಅಂತರ್ಜಾಲದಲ್ಲೇ ನೋಡಬಹುದು. ಭಾರತದ ದಾಖಲೆಗಳ ಸಂಖ್ಯೆ ‘ಸಿ’ ಅಕ್ಷರದಿಂದ, ಕ್ಯಾಮರೂನಿನವು ‘ಇ’ ಅಕ್ಷರದಿಂದ ಶುರುವಾಗುತ್ತವೆ. ಊರಿನ ಹೆಸರನ್ನು ಜರ್ಮನ್ ಕಾಗುಣಿತದಲ್ಲೂ ಹುಡುಕಿ, ಈಗಿನ ಬರವಣಿಗೆಯಲ್ಲಿ ಮಾತ್ರ ಹುಡುಕಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತವೆ. ಫುಂಬಾನ್ ಅರಮನೆಯ ಜನರನ್ನು ತಿಳಿಯಬೇಕಾದರೆ, 1911ರಿಂದ 1915ರವರೆಗೆ ಅಲ್ಲಿ ಶಿಕ್ಷಕಿಯಾಗಿದ್ದ ಅನ್ನಾ ವುರ್ಮನ್ ತೆಗೆದ ಚಿತ್ರಗಳಿಂದ ಆರಂಭಿಸಿ. ಕೈಬರಹದ ವರದಿಗಳು ಹಳೆಯ ಜರ್ಮನ್ ಮೋಡಿಯಲ್ಲಿರುವುದರಿಂದ ಜರ್ಮನ್ ಬಲ್ಲವರಿಗೂ ಓದುವುದು ಕಷ್ಟ. ಅಚ್ಚಾದ ವಾರ್ಷಿಕ ವರದಿಗಳನ್ನು ಮೊದಲು ನೋಡಿಕೊಂಡರೆ ಯಾವ ಕೈಬರಹ ಬೇಕೆಂಬುದು ತಿಳಿಯುತ್ತದೆ.

— ಸಂಪಾದಕರು