ನೀರು ಮುಟ್ಟಿತೇನು?

ಪ್ರಿಯ ತಂಗಿ,

ನಿಮ್ಮ 'ತೂಬು' ಕಥೆಯನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣು ಒದ್ದೆಯಾಯಿತು. ಎರಡನೇ ಸಲ ಸಿಟ್ಟು ಬಂತು. ಎರಡನ್ನೂ ಹೇಳಿಬಿಡುತ್ತೇನೆ.

ಮಸ್ಕಿ ಹತ್ತಿರದ ಹಳ್ಳಿ. ಏಳು ತಿಂಗಳ ಮಗುವಿನ ತಲೆಯಲ್ಲಿ ನೀರು ತುಂಬುತ್ತಿದೆ. ತಾಯಿ ಮಗುವನ್ನು ಎತ್ತಿಕೊಂಡು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಬರುತ್ತಾಳೆ. ಶಂಟ್, ಅಂದರೆ ತಲೆಯ ನೀರನ್ನು ಕೆಳಗೆ ಸಾಗಿಸುವ ವಾಲ್ವ್ ಇರುವ ಕೊಳವೆ, ಹಾಕುತ್ತಾರೆ. ಮಗು ಗುಣವಾಗುತ್ತದೆ. ಭಾಷೆ ಚೆನ್ನಾಗಿದೆ, ಅಜ್ಜಿ ನಮ್ಮ ಕಡೆಯವಳೇ. "ಹೋದ ಅಮಾಸಿಗೆ ಹೊಲಿದ ಕುಲಾವಿ ಈ ಅಮಾಸಿಗೆ ಆಗವಲ್ದು" ಅನ್ನುತ್ತಾಳಲ್ಲ, ಅಲ್ಲಿ ನಾನು ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕುಳಿತೆ.

ಈಗ ತಕರಾರು. ಆರನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: "ಡಾಕ್ಟರು ತಲೆಯ ನೀರನ್ನು ಕೊಳವೆಯಲ್ಲಿ ಹೊಟ್ಟೆಗೆ ಇಳಿಸಿದರು. ಅಲ್ಲಿ ಅದು ಅನ್ನದ ಜೊತೆ ಕರಗಿ ಹೋಯಿತು."

ಅನ್ನದ ಜೊತೆ ಹೇಗೆ ಕರಗುತ್ತದೆ? ಕನ್ನಡದಲ್ಲಿ ಅನ್ನ ಬೀಳುವ ಚೀಲವೂ ಹೊಟ್ಟೆ, ಹೊಕ್ಕುಳ ಸುತ್ತಲಿನ ಜಾಗವೂ ಹೊಟ್ಟೆ. ಈ ಒಂದೇ ಮಾತು ನಿಮಗೆ ಮೋಸ ಮಾಡಿದೆ. ಆ ಕೊಳವೆ ಅನ್ನದ ಚೀಲಕ್ಕೂ ಹೋಗುವುದಿಲ್ಲ, ಕರುಳಿಗೂ ಹೋಗುವುದಿಲ್ಲ. ಕರುಳಿನ ಹೊರಗೆ, ತೆಳುವಾದ ಪೊರೆಯೊಳಗಿನ ಖಾಲಿ ಜಾಗದಲ್ಲಿ ಅದರ ತುದಿ ಬಿಟ್ಟಿರುತ್ತಾರೆ. ಆ ಪೊರೆಯೇ ನೀರನ್ನು ಹೀರಿ ರಕ್ತಕ್ಕೆ ಸೇರಿಸುತ್ತದೆ. ಕೊಳವೆ ಕರುಳನ್ನು ತೂರಿದರೆ ನಂಜಾಗಿ ಮಗುವಿನ ಜೀವಕ್ಕೇ ಅಪಾಯ. ಆ ತಾಯಿಯೇ ಹಾಗೆ ತಿಳಿದುಕೊಂಡಿದ್ದಾಳೆ, ಹೆದರಿ ಮಗುವಿಗೆ ಗಂಜಿ ಕಡಿಮೆ ಮಾಡಿದ್ದಾಳೆ ಅಂತ ಬರೆದಿದ್ದರೆ ನಾನು ಒಂದಕ್ಷರ ಮುಟ್ಟುತ್ತಿರಲಿಲ್ಲ. ಆದರೆ ಈ ಮಾತು ಅವಳದಲ್ಲ, ಕಥೆ ಹೇಳುವ ನಿಮ್ಮದು.

ಮುಂದಿನ ಸಾಲು: "ನರ್ಸಮ್ಮ ದಿನಾ ಮುಂಜಾನೆ ಬಂದು ಕಿವಿ ಹಿಂದಿನ ತೂಬು ತೆಗೆದು ನೀರು ಬಿಡುತ್ತಿದ್ದಳು."

ಕಥೆಯ ಹೆಸರೇ ಇದರ ಮೇಲೆ ನಿಂತಿದೆ, ಹಾಗಾಗಿ ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ. ತೂಬನ್ನು ನೀರಗಂಟಿ ಬಂದು ಎತ್ತಬೇಕು. ಶಂಟಿನ ವಾಲ್ವ್ ಹಾಗಲ್ಲ. ಅದು ಕೆರೆಯ ಕೋಡಿ ಇದ್ದಂತೆ. ದರೋಜಿ ಕೆರೆ ತುಂಬಿದರೆ ಕೋಡಿ ಬೀಳಲು ಯಾರೂ ಬಂದು ತೆಗೆಯಬೇಕಿಲ್ಲ, ಅಲ್ವಾ? ತಲೆಯೊಳಗೆ ಒತ್ತಡ ಒಂದು ಮಟ್ಟ ದಾಟಿದರೆ ವಾಲ್ವ್ ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಕೆಳಗಿನಿಂದ ತಿರುಗಿ ಮೇಲೆ ಹತ್ತಲು ಬಿಡುವುದಿಲ್ಲ. ದೊಡ್ಡವರ ತಲೆಯಲ್ಲಿ ದಿನಕ್ಕೆ ಸುಮಾರು 500 ಮಿ.ಲೀ. ನೀರು ಹುಟ್ಟುತ್ತದೆ. ಯಾವ ಹೊತ್ತಿನಲ್ಲಿ ನೋಡಿದರೂ ಒಳಗಿರುವುದು 150 ಮಿ.ಲೀ. ಆಸುಪಾಸು. ಉಳಿದದ್ದು ಹೋಗುತ್ತಲೇ ಇರಬೇಕು. ಮಗುವಿಗೆ ಅಳತೆ ಕಡಿಮೆ, ಆದರೆ ಅಲ್ಲೂ ನೀರು ಹುಟ್ಟುವುದು ನಿಲ್ಲುವುದಿಲ್ಲ. ದಿನಕ್ಕೊಮ್ಮೆ ಬರುವ ನರ್ಸಮ್ಮನನ್ನು ಅದು ಕಾಯುತ್ತದೆಯೇ?

ಅಮೆರಿಕದ ಜಾನ್ ಹೋಲ್ಟರ್ ಡಾಕ್ಟರಲ್ಲ, ಮೆಷಿನ್ ಕೆಲಸದವರು. ಅವರ ಮಗನಿಗೂ ಇದೇ ಕಾಯಿಲೆ. ಆಗಿನ ಕೊಳವೆಗಳ ಪಾಡು ನೋಡಿ, 1956ರಲ್ಲಿ ತಾವೇ ಸಿಲಿಕೋನಿನ ವಾಲ್ವ್ ಮಾಡಿದರು. ನೀರು ಎತ್ತ ಹೋಗಬೇಕು, ಎತ್ತ ಹೋಗಬಾರದು ಅಂತ ಒಬ್ಬ ಅಪ್ಪ ಕುಳಿತು ಯೋಚಿಸಿದ್ದ ಕೆಲಸ ಅದು.

ನನಗ್ಯಾಕೆ ಇಷ್ಟು ಸಂಕಟ ಅಂದರೆ, ನಮ್ಮಕ್ಕನ ಮೊಮ್ಮಗಳಿಗೂ ಶಂಟ್ ಇದೆ. ಕಿವಿಯ ಹಿಂದೆ ಹುಣಸೆ ಬೀಜದಷ್ಟು ಉಬ್ಬು. ಅಲ್ಲಿಂದ ಕತ್ತಿನ ಚರ್ಮದ ಕೆಳಗೆ ಸುತಳಿಯಂಥ ಕೊಳವೆ ಇಳಿಯುತ್ತದೆ. ಅವಳು ತಲೆ ಆ ಕಡೆ ತಿರುಗಿಸಿದಾಗ ಕಾಣುತ್ತದೆ. ಜಡೆ ಹಾಕುವಾಗ ಅಕ್ಕನ ಬಾಚಣಿಗೆ ಅಲ್ಲಿಗೆ ಬಂದು ನಿಧಾನವಾಗುತ್ತದೆ.

ನಾನು ರಾಯಚೂರಿನ ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಒಂದು ಸಂಜೆ, ಎಡದಂಡೆ ಕಾಲುವೆಗೆ ನೀರು ಬಿಟ್ಟರು, ರೈತರಿಗೆ ಸಂತಸ ಅಂತ ಬರೆದುಕೊಟ್ಟೆ. ನಮ್ಮ ಹಿರಿಯರು ಓದಿ, "ಬಿಟ್ಟರು, ಸರಿ. ಮುಟ್ಟಿತೇನಪ್ಪಾ?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಮರುದಿನ ಬಸ್ಸು ಹತ್ತಿಸಿದರು. ಮಾನ್ವಿ ದಾಟಿ, ಕಾಲುವೆಯ ಕೊನೆ ಭಾಗದ ಒಂದು ಹಳ್ಳಿಗೆ ಹೋದೆ. ಉಪಕಾಲುವೆ ಬಿರುಕು ಬಿಟ್ಟಿತ್ತು. ಅದರ ತಳದಲ್ಲಿ, ನೆರಳು ಬಿದ್ದ ಕಡೆ, ಒಂದು ಆಡಿನ ಮರಿ ಮಲಗಿತ್ತು. ದಂಡೆಯ ಮೇಲೆ ಸಲಿಕೆ ಇಟ್ಟುಕೊಂಡು ಕುಳಿತ ಮುದುಕರು, "ಬಂದಾಗ ಹೇಳ್ತೀವಿ, ಬರ್ಕೊಳ್ಳೋರಂತೆ" ಅಂದರು. ಅವತ್ತು ಆದ ನಾಚಿಕೆ ಇನ್ನೂ ಹೋಗಿಲ್ಲ. ಅಲ್ಲಿಂದೀಚೆಗೆ ಯಾರಾದರೂ ನೀರಿನ ಬಗ್ಗೆ ಬರೆದರೆ, ಅದು ಹೋಗಿ ಸೇರಿದ್ದೆಲ್ಲಿಗೆ ಅಂತ ಮೊದಲು ನೋಡುತ್ತೇನೆ.

ನಿಮ್ಮ ಕೊನೆಯ ಸಾಲಿನಲ್ಲಿ ನನಗೆ ಆ ಒಣ ಕಾಲುವೆಯೇ ಕಂಡಿತು: "ತಲೆ ಮೊದಲಿನಂತಾಯಿತು. ಇಬ್ಬರೂ ನಗುತ್ತಾ ಊರಿಗೆ ಹೋದರು." ಬೆಳೆದ ತಲೆ ವಾರದಲ್ಲಿ ಮೊದಲಿನಂತಾಗುವುದಿಲ್ಲ. ಶಂಟ್ ಹಾಕಿದರೆ ಕಾಯಿಲೆ ಮುಗಿಯುವುದೂ ಇಲ್ಲ. ಹೆಚ್ಚಿನ ಮಕ್ಕಳಿಗೆ ಅದು ಬದುಕಿಡೀ ಬೇಕು. ಕೊಳವೆ ಕಟ್ಟಿಕೊಳ್ಳಬಹುದು, ನಂಜಾಗಬಹುದು. ಮೊದಲ 2 ವರ್ಷದೊಳಗೇ ಮತ್ತೆ ಆಪರೇಷನ್ ಮಾಡಿಸಬೇಕಾದ ಮಕ್ಕಳು ಬಹಳ. ಆ ತಾಯಿಗೆ ಇನ್ನು ಮುಂದೆ ವಾಂತಿ ಅಂದರೆ ಬರೀ ವಾಂತಿಯಲ್ಲ. ಮಗು ಹೊತ್ತಲ್ಲದ ಹೊತ್ತಿನಲ್ಲಿ ಮಂಪರಾದರೆ, ನೆತ್ತಿ ಮತ್ತೆ ಬಿಗಿದರೆ, ರಾತ್ರಿ ಎಷ್ಟೇ ಆಗಿರಲಿ ಸಿಂಧನೂರು, ಸಿರುಗುಪ್ಪ ದಾಟಿ ಬಳ್ಳಾರಿಗೆ ಓಡಬೇಕು. ಗಾಡಿ ಯಾರದು? ದುಡ್ಡು ಯಾರು ಕೊಟ್ಟರು? ನಿಮ್ಮ ಕಥೆ ಶುರುವಾಗುವುದೇ ಇಲ್ಲಿ. ನೀವು ಅಲ್ಲಿ ಮುಗಿಸಿದ್ದೀರಿ.

ಅಜ್ಜಿಯನ್ನು ಮೂರನೇ ಪುಟದಲ್ಲೇ ಬಿಟ್ಟುಬಿಟ್ಟಿದ್ದೀರಿ. ಅವಳನ್ನು ಕರೆದುಕೊಂಡು ಬನ್ನಿ. ಎಣ್ಣೆ ಒತ್ತುವಾಗ ಆ ನೆತ್ತಿ ಉಬ್ಬಿದ್ದು ಮೊದಲು ಗೊತ್ತಾಗುವುದು ಅವಳ ಅಂಗೈಗೇ. ಆಪರೇಷನ್ ಆದ ಮೇಲೂ ಅವಳು ಎಣ್ಣೆ ಒತ್ತಬೇಕು ತಾನೇ? ಆಗ ಆ ಕೈ ಹೇಗೆ ಹೋಗುತ್ತದೆ, ಎಲ್ಲಿ ತಡೆಯುತ್ತದೆ, ನೋಡಿ ಬರೆಯಿರಿ. ಶಂಟ್ ಇರುವ ಮಗುವಿನ ಮನೆ ನಿಮಗೆ ಗೊತ್ತಿದ್ದರೆ, ಅವರು ಒಪ್ಪಿದರೆ, ಅರ್ಧ ದಿನ ಹೋಗಿ ಕುಳಿತು ಬನ್ನಿ.

ಕಥೆಯ ಹೆಸರು ಬದಲಿಸಿ. ಅವಸರ ಬೇಡ, ದೀಪಾವಳಿ ಹೊತ್ತಿಗೆ ಕಳಿಸಿದರೂ ಸಾಕು, ನಾನೇ ಓದುತ್ತೇನೆ. ಕುಲಾವಿಯ ಸಾಲನ್ನು ಮಾತ್ರ ಮುಟ್ಟಬೇಡಿ.

ನಿಮ್ಮ,
ಸಂಪಾದಕ