ಒಂದೇ ಊರಿನ ಮೂರು ಧಾರಾವಾಹಿಗಳು: ಶಿಕಾಗೊ ಸರಣಿಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ರಜೆಗೆ ಬಂದಿದ್ದ ನನ್ನ ಮಗ ಶಿಕಾಗೊ ಹೆಸರಿನ ಮೂರು ಇಂಗ್ಲಿಷ್ ಧಾರಾವಾಹಿಗಳನ್ನು ಬಿಡದೆ ನೋಡುತ್ತಿದ್ದ. ನಾನೂ ಜೊತೆಗೆ ಕುಳಿತೆ. ಒಂದರಲ್ಲಿ ಕಂಡ ಮುಖ ಇನ್ನೊಂದರಲ್ಲಿ ಬರುತ್ತದೆ. ಅಲ್ಲಿ ಗಾಯಗೊಂಡವರು ಇಲ್ಲಿ ಆಸ್ಪತ್ರೆಯಲ್ಲಿ ಮಲಗಿರುತ್ತಾರೆ. ಇವು ಮೂರು ಕತೆಗಳೋ ಅಥವಾ ಒಂದೇ ಕತೆಯೋ? ಹೊಸದಾಗಿ ನೋಡುವವರು ಎಲ್ಲಿಂದ ಆರಂಭಿಸಬೇಕು? (ಗೃಹಿಣಿ, ಶಿವಮೊಗ್ಗ)

ಉತ್ತರ: ಕತೆಗಳು ಮೂರು, ಊರು ಒಂದು. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 2012ರ ಅಕ್ಟೋಬರ್ 10ರಂದು ‘ಶಿಕಾಗೊ ಫೈರ್’ ಮೊದಲಾಯಿತು. ಅದನ್ನು ರೂಪಿಸಿದವರು ಮೈಕಲ್ ಬ್ರಾಂಟ್ ಮತ್ತು ಡೆರೆಕ್ ಹಾಸ್. ಇಡೀ ಸರಣಿಯ ಹಿಂದಿರುವ ನಿರ್ಮಾಪಕ ಡಿಕ್ ವುಲ್ಫ್. ಅಗ್ನಿಶಾಮಕ ಠಾಣೆಯ ಆ ಕತೆಯ ಒಡಲಿನಿಂದಲೇ 2014ರ ಜನವರಿಯಲ್ಲಿ ಪೊಲೀಸರ ‘ಶಿಕಾಗೊ ಪಿ.ಡಿ.’, 2015ರ ನವೆಂಬರ್‌ನಲ್ಲಿ ಆಸ್ಪತ್ರೆಯ ‘ಶಿಕಾಗೊ ಮೆಡ್’ ಹುಟ್ಟಿದವು. ಎರಡೂ ಪ್ರಸಾರಕ್ಕೆ ಬರುವ ಮೊದಲೇ ಅವುಗಳ ಪಾತ್ರಗಳನ್ನು ‘ಫೈರ್’ನ ಒಂದೊಂದು ಸಂಚಿಕೆಯಲ್ಲಿ ಪ್ರೇಕ್ಷಕರಿಗೆ ಪರಿಚಯಿಸಲಾಗಿತ್ತು. 2018ರ ಸೆಪ್ಟೆಂಬರ್‌ನಿಂದ ಮೂರೂ ಬುಧವಾರ ರಾತ್ರಿ ಸಾಲಾಗಿ ಪ್ರಸಾರವಾಗತೊಡಗಿದವು.

ನಮ್ಮ ಕನ್ನಡ ವಾಹಿನಿಗಳು ಎರಡು ಧಾರಾವಾಹಿಗಳನ್ನು ಕೂಡಿಸಿ ‘ಮಹಾಸಂಗಮ’ ಎಂದು ತೋರಿಸುವುದು ನಿಮಗೆ ಗೊತ್ತೇ ಇದೆ. ಅಲ್ಲಿ ಸಾಮಾನ್ಯವಾಗಿ ಒಂದು ಮದುವೆಗೋ ಜಾತ್ರೆಗೋ ಎರಡು ಮನೆಯವರು ಬಂದು ಸೇರುತ್ತಾರೆ, ಹಬ್ಬ ಮುಗಿದ ಮೇಲೆ ತಂತಮ್ಮ ಕತೆಗೆ ಮರಳುತ್ತಾರೆ. ಶಿಕಾಗೊ ಸರಣಿಯಲ್ಲಿ ಈ ಸಂಗಮ ವಿಶೇಷ ದಿನಗಳಿಗೆ ಸೀಮಿತವಲ್ಲ. ಆಂಬುಲೆನ್ಸ್‌ನಲ್ಲಿ ಬಂದು ಬಿದ್ದ ಜಾಗದಲ್ಲೇ ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್ ಗ್ಯಾಬ್ರಿಯೆಲಾ ಡಾಸನ್‌ಳ ಅಣ್ಣ ಆಂಟೊನಿಯೊ ಪೊಲೀಸ್ ಪತ್ತೇದಾರ. ವೈದ್ಯ ವಿಲ್ ಹಾಲ್ಸ್‌ಟೆಡ್‌ನ ತಮ್ಮ ಜೇ ಕೂಡ ಅದೇ ಪೊಲೀಸ್ ತಂಡದವನು. ಠಾಣೆಯ ಸೋಫಾ ಬಿಟ್ಟೇಳದ ಮೌಚ್ ಎಂಬ ಅಗ್ನಿಶಾಮಕನ ಹೆಂಡತಿ ಪೊಲೀಸ್ ಠಾಣೆಯ ಮೇಜಿನ ಹಿಂದೆ ಕೂರುವ ಸಾರ್ಜೆಂಟ್ ಟ್ರೂಡಿ ಪ್ಲ್ಯಾಟ್. ಕೆಲಸ ಮುಗಿಸಿದವರೆಲ್ಲ ಕೂಡುವುದು, ಅಗ್ನಿಶಾಮಕರೇ ಸೇರಿ ನಡೆಸುವ ‘ಮಾಲೀಸ್’ ಎಂಬ ಬಾರಿನಲ್ಲಿ.

ನೋಡುವ ಕ್ರಮವನ್ನು ಕೇಳಿದ್ದೀರಿ. ‘ಫೈರ್’ನ ಮೊದಲ ಸೀಸನ್ ಪೂರ್ತಿ ನೋಡಿ. ಎರಡನೆಯ ಸೀಸನ್ನಿನ ನಡುವೆ ‘ಪಿ.ಡಿ.’ ಸೇರಿಸಿಕೊಳ್ಳಿ, ನಾಲ್ಕನೆಯದಕ್ಕೆ ಬಂದಾಗ ‘ಮೆಡ್’ ತೆರೆಯಿರಿ. ಮೊದಲ ಸೀಸನ್ನನ್ನು ದಾಟಿಸಿ ಮುಂದಕ್ಕೆ ಹಾರಬೇಡಿರೆಂದು ಒತ್ತಿ ಹೇಳುತ್ತೇನೆ. ಕಾರಣ ಮುಂದಿನ ಉತ್ತರವೊಂದರಲ್ಲಿದೆ.

ಪ್ರಶ್ನೆ: ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದವಳು ನಾನು. ‘ಫೈರ್’ನಲ್ಲಿ ಆಂಬುಲೆನ್ಸ್‌ನವರು ಅಗ್ನಿಶಾಮಕ ಠಾಣೆಯಲ್ಲೇ ಇರುತ್ತಾರೆ, ಅಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ. ಇದು ಕತೆಯ ಅನುಕೂಲಕ್ಕೆ ಮಾಡಿಕೊಂಡದ್ದೇ? (ನಿವೃತ್ತ ದಾದಿ, ಹಾಸನ)

ಉತ್ತರ: ಅಲ್ಲ, ಶಿಕಾಗೊದಲ್ಲಿ ವ್ಯವಸ್ಥೆಯೇ ಹಾಗಿದೆ. ನಮ್ಮಲ್ಲಿ ಬೆಂಕಿ ಆರಿಸುವುದು ರಾಜ್ಯದ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಕೆಲಸ. 2008ರಲ್ಲಿ ಬಂದ 108 ಆರೋಗ್ಯ ಕವಚ ಆಂಬುಲೆನ್ಸ್ ಆರೋಗ್ಯ ಇಲಾಖೆಯ ಯೋಜನೆ. ಶಿಕಾಗೊ ನಗರದಲ್ಲಿ ತುರ್ತು ಕರೆಗೆ ಓಡುವ ಆಂಬುಲೆನ್ಸ್ ಅಗ್ನಿಶಾಮಕ ಇಲಾಖೆಗೇ ಸೇರಿದ್ದು. ಸಿಬ್ಬಂದಿಯ ಪಾಳಿ 24 ಗಂಟೆಯದು. ಆದ್ದರಿಂದ ಠಾಣೆಯಲ್ಲಿ ಅಡುಗೆಮನೆ, ಊಟದ ಮೇಜು, ಮಂಚಗಳು ಇರಲೇಬೇಕು. ಧಾರಾವಾಹಿಯ ಅರ್ಧದಷ್ಟು ಮಾತುಕತೆ ಆ ಊಟದ ಮೇಜಿನ ಸುತ್ತಲೇ ನಡೆಯುವುದು ಅಸಹಜವಲ್ಲ.

ಠಾಣೆಯಿಂದ ಹೊರಡುವ ವಾಹನಗಳನ್ನೂ ಸ್ವಲ್ಪ ಗುರುತಿಟ್ಟುಕೊಂಡರೆ ನೋಡುವುದು ಸುಲಭವಾಗುತ್ತದೆ. ‘ಇಂಜಿನ್’ ಎಂದರೆ ಪಂಪು ಮತ್ತು ನೀರಿನ ಕೊಳವೆ ಹೊತ್ತ ಗಾಡಿ. ಬೆಂಕಿಗೆ ನೀರು ಹಾಯಿಸುವವರು ಅದರವರು. ‘ಟ್ರಕ್’ ಎಂದರೆ ಏಣಿಯ ಗಾಡಿ. ಬಾಗಿಲು ಮುರಿಯುವುದು, ಒಳಗೆ ಸಿಕ್ಕಿಬಿದ್ದವರನ್ನು ಹುಡುಕುವುದು, ಚಾವಣಿಗೆ ಹತ್ತಿ ಅದನ್ನು ಕೊಯ್ದು ಬಿಸಿ ಹೊಗೆಗೆ ದಾರಿ ಮಾಡಿಕೊಡುವುದು ಅದರವರ ಕೆಲಸ. ಉರಿಯುವ ಮನೆಯ ಮಾಡನ್ನು ಇವರೇಕೆ ಒಡೆಯುತ್ತಾರೆ ಎಂದು ಹಲವರು ಕೇಳುತ್ತಾರೆ: ಹೊಗೆ ಮೇಲಕ್ಕೆ ಹೋಗಲು ದಾರಿಯಾಗದಿದ್ದರೆ ಅದು ಕೋಣೆಗಳಲ್ಲಿ ಕೆಳಕ್ಕಿಳಿಯುತ್ತದೆ, ಒಳಗಿದ್ದವರು ಉಸಿರುಕಟ್ಟಿ ಸಾಯುತ್ತಾರೆ, ಕಾದ ಹೊಗೆಯೇ ಒಮ್ಮೆಲೇ ಹೊತ್ತಿಕೊಳ್ಳಲೂಬಹುದು. ‘ಸ್ಕ್ವಾಡ್’ ಕಷ್ಟದ ರಕ್ಷಣಾ ಕಾರ್ಯಗಳಿಗೆ ತರಬೇತಾದ ತಂಡ. ಕತೆಯಲ್ಲಿ ಮ್ಯಾಥ್ಯೂ ಕೇಸಿ ಟ್ರಕ್ 81ರ ಮುಖ್ಯಸ್ಥ, ಕೆಲ್ಲಿ ಸೆವೆರೈಡ್ ಸ್ಕ್ವಾಡ್ 3ರ ಮುಖ್ಯಸ್ಥ. ಇಬ್ಬರಿಗೂ ಮೊದಮೊದಲು ಆಗಿಬರುವುದಿಲ್ಲ.

ನೀವು ದಾದಿಯಾಗಿದ್ದವರಾದ್ದರಿಂದ ಇನ್ನೊಂದು ಮಾತನ್ನು ನಿಮಗೇ ಹೇಳಬೇಕೆನಿಸುತ್ತದೆ. ಈ ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಬೆಂಕಿಯೂ ಅಲ್ಲ, ಬಂದೂಕೂ ಅಲ್ಲ. ಸ್ಟ್ರೆಚರ್ ಆಸ್ಪತ್ರೆಯ ಬಾಗಿಲು ದಾಟುವಾಗ ಪ್ಯಾರಾಮೆಡಿಕ್ ಓಡುತ್ತಲೇ ಹೇಳುವ ನಾಲ್ಕು ಮಾತುಗಳು. ರೋಗಿಯ ವಯಸ್ಸೆಷ್ಟು, ಏಟು ಎಲ್ಲಿ ಬಿದ್ದಿದೆ, ರಕ್ತದೊತ್ತಡ ಎಷ್ಟಿದೆ, ದಾರಿಯಲ್ಲಿ ಏನು ಕೊಟ್ಟಿದ್ದೇವೆ. ಕೇಳಿಸಿಕೊಂಡ ದಾದಿ ತಲೆಯಾಡಿಸಿ ಸ್ಟ್ರೆಚರಿನ ಇನ್ನೊಂದು ತುದಿ ಹಿಡಿಯುತ್ತಾಳೆ. ಅಲ್ಲಿಗೆ ಒಂದು ಜೀವದ ಹೊಣೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿತು. ‘ಫೈರ್’ ನೋಡುತ್ತಿದ್ದವರಿಗೆ ಆಸ್ಪತ್ರೆಯ ಬಾಗಿಲಿನಾಚೆ ಏನಾಯಿತೆಂದು ತಿಳಿಯಬೇಕೆನಿಸುವುದು, ‘ಮೆಡ್’ ನೋಡುತ್ತಿದ್ದವರಿಗೆ ಈ ರೋಗಿ ಎಲ್ಲಿಂದ ಬಂದ ಎನಿಸುವುದು ಆ ಬಾಗಿಲಿನಲ್ಲೇ. ಮೂರು ಧಾರಾವಾಹಿಗಳನ್ನು ಹೊಲಿದಿರುವ ದಾರ ಅದು. ಪಾತ್ರವೊಂದು ಸುಮ್ಮನೆ ಬಂದು ಎರಡು ಮಾತಾಡಿ ಹೋಗುವ ಸಂಚಿಕೆಗಳೂ ಇವೆ, ಅವು ಬರೀ ಜಾಹೀರಾತಿನಂತೆ ಕಾಣುತ್ತವೆ. 2019ರ ಅಕ್ಟೋಬರ್‌ನಲ್ಲಿ ಮೂರರಲ್ಲೂ ಹರಿದ ‘ಇನ್ಫೆಕ್ಷನ್’ ಎಂಬ ಕತೆಯಲ್ಲಿ ಹಾಗಾಗಲಿಲ್ಲ. ಮಾಂಸವನ್ನೇ ತಿನ್ನುವ ಬ್ಯಾಕ್ಟೀರಿಯಾ ಊರಿನಲ್ಲಿ ಹರಡಿದಾಗ ಮೂರು ಇಲಾಖೆಯವರೂ ಒಬ್ಬರಿಗೊಬ್ಬರು ನಿಜವಾಗಿ ಬೇಕಾದರು.

ಪ್ರಶ್ನೆ: ಧಾರಾವಾಹಿಗಳನ್ನು ಹೀಗೆ ಬೆಸೆಯುವುದು ಡಿಕ್ ವುಲ್ಫ್ ಅವರ ಹೊಸ ಆಲೋಚನೆಯೇ? (ಕಾಲೇಜು ಅಧ್ಯಾಪಕ, ಮೈಸೂರು)

ಉತ್ತರ: ಅವರಿಗಿಂತ ನಲವತ್ತು ವರ್ಷ ಹಿಂದೆಯೇ ಅದೇ ಎನ್‌ಬಿಸಿಯಲ್ಲಿ ಇದು ನಡೆದಿತ್ತು. ನಿರ್ಮಾಪಕ ಜ್ಯಾಕ್ ವೆಬ್ ಅವರ ಸಂಸ್ಥೆ 1968ರಲ್ಲಿ ಲಾಸ್ ಏಂಜಲೀಸ್ ಪೊಲೀಸರ ‘ಆ್ಯಡಮ್-12’ ಆರಂಭಿಸಿತ್ತು; 1972ರ ಜನವರಿಯಲ್ಲಿ ಅದೇ ಸಂಸ್ಥೆಯಿಂದ ಅಗ್ನಿಶಾಮಕ ಠಾಣೆಯ ಪ್ಯಾರಾಮೆಡಿಕ್‌ಗಳ ಕತೆ ‘ಎಮರ್ಜೆನ್ಸಿ!’ ಬಂದಾಗ ಮೊದಲ ಕಂತಿನಲ್ಲೇ ಆ ಪೊಲೀಸರು ಕಾಣಿಸಿಕೊಂಡರು. ‘ಫೈರ್’ನ ಠಾಣೆಯಂತೆ ಆ ಕಾಲ್ಪನಿಕ ಠಾಣೆಯ ಸಂಖ್ಯೆಯೂ 51. ಮುಂದೊಂದು ಸಂಚಿಕೆಯಲ್ಲಿ ಅದೇ ಠಾಣೆಯವರು ಟಿ.ವಿ.ಯಲ್ಲಿ ‘ಆ್ಯಡಮ್-12’ ಧಾರಾವಾಹಿಯನ್ನು ನೋಡುತ್ತಾರೆ. ಬೆಸುಗೆ ಆಗಿನ್ನೂ ಅಷ್ಟು ಬಿಗಿಯಾಗಿರಲಿಲ್ಲ.

ಆದರೆ ‘ಎಮರ್ಜೆನ್ಸಿ!’ ಮಾಡಿದ ಕೆಲಸ ದೊಡ್ಡದು. ಆಗ ಅಮೆರಿಕದ ಬಹುತೇಕ ಊರುಗಳಲ್ಲಿ ಆಂಬುಲೆನ್ಸ್ ಎಂದರೆ ರೋಗಿಯನ್ನು ಮಲಗಿಸಿಕೊಂಡು ವೇಗವಾಗಿ ಓಡುವ ಗಾಡಿ, ಅಷ್ಟೇ. ಬಿದ್ದ ಜಾಗದಲ್ಲೇ ಚಿಕಿತ್ಸೆ ಕೊಡಬಲ್ಲ ಪ್ಯಾರಾಮೆಡಿಕ್‌ಗಳಿಗೆ ಕ್ಯಾಲಿಫೋರ್ನಿಯಾ 1970ರಲ್ಲಷ್ಟೇ ಕಾನೂನು ಮಾಡಿತ್ತು. ಇಂಥದ್ದೊಂದು ಸೇವೆ ಸಾಧ್ಯ ಎಂಬುದನ್ನು ಮನೆಮನೆಗೆ ತಿಳಿಸಿ, ನಮ್ಮೂರಿಗೂ ಬೇಕು ಎಂದು ಜನ ಕೇಳುವಂತೆ ಮಾಡಿದ್ದರಲ್ಲಿ ಆ ಧಾರಾವಾಹಿಯ ಪಾಲು ಬಹಳ. ಈಚೆಗೆ ಸಿಯಾಟಲ್ ನಗರದ ‘ಗ್ರೇಸ್ ಅನಾಟಮಿ’ ಆಸ್ಪತ್ರೆಗೆ 2018ರಿಂದ 2024ರವರೆಗೆ ‘ಸ್ಟೇಷನ್ 19’ ಎಂಬ ಅಗ್ನಿಶಾಮಕ ಠಾಣೆ ಜೊತೆಯಾಗಿತ್ತು.

ಪ್ರಶ್ನೆ: ‘ಶಿಕಾಗೊ ಪಿ.ಡಿ.’ಯ ಹ್ಯಾಂಕ್ ವಾಯ್ಟ್ ಆರೋಪಿಗಳನ್ನು ಕತ್ತಲೆಯ ನೆಲಮಾಳಿಗೆಗೆ ಒಯ್ದು ಹೊಡೆಯುತ್ತಾನೆ; ಅವನೇ ಕತೆಯ ನಾಯಕ. ಕಾನೂನು ಓದುತ್ತಿರುವ ನನಗೆ ಅದನ್ನು ನೋಡುವಾಗ ಹಿಂಸೆಯಾಗುತ್ತದೆ, ಬಿಡಲೂ ಆಗುವುದಿಲ್ಲ. ಇಂಥದ್ದನ್ನು ಮೆಚ್ಚಬಹುದೇ? (ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನಿಮಗಾಗುವ ಹಿಂಸೆ ಸರಿಯಾದದ್ದು, ಅದನ್ನು ಕಳೆದುಕೊಳ್ಳಬೇಡಿ. ಈ ಪಾತ್ರ ಹುಟ್ಟಿದ್ದು ನಾಯಕನಾಗಿ ಅಲ್ಲ. ‘ಫೈರ್’ನ ಮೊದಲ ಸೀಸನ್ನಿನಲ್ಲಿ ವಾಯ್ಟ್‌ನ ಮಗ ಕುಡಿದು ಕಾರು ಓಡಿಸಿ ಅಪಘಾತ ಮಾಡುತ್ತಾನೆ. ಅದಕ್ಕೆ ಸಾಕ್ಷಿಯಾದ ಕೇಸಿ ತನ್ನ ವರದಿಯನ್ನು ತಿದ್ದಬೇಕೆಂದು ವಾಯ್ಟ್ ಬೆದರಿಸುತ್ತಾನೆ, ಕೇಸಿ ಒಪ್ಪುವುದಿಲ್ಲ, ಕೊನೆಗೆ ವಾಯ್ಟ್ ಸೆರೆಯಾಗುತ್ತಾನೆ. ಮೊದಲ ಸೀಸನ್ ಬಿಡಬೇಡಿ ಎಂದು ಶಿವಮೊಗ್ಗದ ಓದುಗರಿಗೆ ಹೇಳಿದ್ದು ಇದಕ್ಕಾಗಿಯೇ. ಮುಂದೆ ಅದೇ ವಾಯ್ಟ್ ಗುಪ್ತಚರ ದಳದ ಮುಖ್ಯಸ್ಥನಾಗಿ ಬಂದಾಗ ಅವನ ಹಿಂದಿನದನ್ನು ಬಲ್ಲವರು ಅವನ ಪ್ರತಿ ಹೆಜ್ಜೆಯನ್ನೂ ಅನುಮಾನದಿಂದಲೇ ನೋಡುತ್ತಾರೆ. ‘ಪಿ.ಡಿ.’ಯನ್ನಷ್ಟೇ ನೋಡಿದವರಿಗೆ ಅವನು ಒರಟಾದರೂ ನ್ಯಾಯವಂತ ಎನಿಸಿಬಿಡಬಹುದು.

ಧಾರಾವಾಹಿಯ ಮೇಲೆ ನನ್ನ ನೇರ ಆಕ್ಷೇಪವೊಂದಿದೆ. ವಾಯ್ಟ್ ಹೊಡೆಯುವ ಆರೋಪಿ ಬಹುಮಟ್ಟಿಗೆ ತಪ್ಪಿತಸ್ಥನೇ ಆಗಿರುತ್ತಾನೆ, ಹೊಡೆತ ಬಿದ್ದೊಡನೆ ಸತ್ಯ ಹೊರಬರುತ್ತದೆ, ಅಪಹೃತ ಮಗು ಉಳಿಯುತ್ತದೆ. ಶಿಕಾಗೊ ನಗರದ ಇತಿಹಾಸ ಇದಕ್ಕೆ ತದ್ವಿರುದ್ಧ. ಅಲ್ಲಿನ ಪೊಲೀಸ್ ಅಧಿಕಾರಿ ಜಾನ್ ಬರ್ಜ್ ಮತ್ತು ಅವನ ಕೈಕೆಳಗಿನವರು 1970ರ ದಶಕದಿಂದ ಹಲವು ವರ್ಷ ಕಪ್ಪು ಜನಾಂಗದವರಿಗೆ ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆದರು; ಆ ಹೇಳಿಕೆಗಳ ಮೇಲೆ ನಿರಪರಾಧಿಗಳು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತರು. 2010ರಲ್ಲಿ ಬರ್ಜ್ ತಪ್ಪಿತಸ್ಥನೆಂದು ತೀರ್ಮಾನವಾದದ್ದು ಸುಳ್ಳು ಸಾಕ್ಷ್ಯ ನುಡಿದದ್ದಕ್ಕೆ ಮತ್ತು ನ್ಯಾಯಕ್ಕೆ ಅಡ್ಡಿಪಡಿಸಿದ್ದಕ್ಕೆ ಮಾತ್ರ, ಏಕೆಂದರೆ ಚಿತ್ರಹಿಂಸೆಯ ಮೊಕದ್ದಮೆ ಹೂಡುವ ಅವಧಿ ಮೀರಿತ್ತು. 2015ರಲ್ಲಿ ನಗರಸಭೆ ಬದುಕುಳಿದವರಿಗೆ 55 ಲಕ್ಷ ಡಾಲರ್ ಪರಿಹಾರ ಒಪ್ಪಿತು, ಈ ಇತಿಹಾಸವನ್ನು ಸರ್ಕಾರಿ ಶಾಲೆಗಳಲ್ಲಿ ಕಲಿಸಬೇಕೆಂದೂ ನಿರ್ಧರಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ, ಲಕ್ವಾನ್ ಮೆಕ್‌ಡೊನಾಲ್ಡ್ ಎಂಬ 17 ವರ್ಷದ ಹುಡುಗನ ಮೇಲೆ ಪೊಲೀಸನೊಬ್ಬ 16 ಗುಂಡು ಹಾರಿಸಿದ ದೃಶ್ಯ ಹೊರಬಂತು. ಘಟನೆ ನಡೆದು ಒಂದು ವರ್ಷ ಮೀರಿತ್ತು. 2017ರ ಜನವರಿಯಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ, ಶಿಕಾಗೊ ಪೊಲೀಸರು ಸಂವಿಧಾನವನ್ನು ಮೀರಿ ಬಲ ಪ್ರಯೋಗಿಸುವುದು ರೂಢಿಯಾಗಿದೆ ಎಂದು ವರದಿ ಕೊಟ್ಟಿತು. ವಾಯ್ಟ್ ಆರೋಪಿಗಳನ್ನು ಕೂಡಿಹಾಕುವ ನೆಲಮಾಳಿಗೆಯ ಪಂಜರದ ದೃಶ್ಯಗಳನ್ನು ಅದೇ ಊರಿನಲ್ಲಿ ಚಿತ್ರೀಕರಿಸುವವರಿಗೆ ಈ ಭಾರ ಇರಲೇಬೇಕು.

ಹಾಗಾದರೆ ನೋಡುವುದನ್ನೇ ಬಿಡಬೇಕೇ? ನಾನು ಬಿಟ್ಟಿಲ್ಲ. ಧಾರಾವಾಹಿ ತನ್ನ ನಾಯಕನಿಂದ ಲೆಕ್ಕ ಕೇಳಿದ ಸಂದರ್ಭಗಳಿವೆ, ಅವುಗಳಿಗಾಗಿ ನೋಡುತ್ತೇನೆ. ‘ಪಿ.ಡಿ.’ಯ ಮೂರನೆಯ ಸೀಸನ್ನಿನ ಕೊನೆಯಲ್ಲಿ ವಾಯ್ಟ್‌ನ ಮಗನ ಕೊಲೆಯಾಗುತ್ತದೆ. ವಾಯ್ಟ್ ಆ ಕೊಲೆಗಾರನ ಕೈಯಿಂದಲೇ ಗುಂಡಿ ತೋಡಿಸಿ ಅಲ್ಲೇ ಅವನನ್ನು ಕೊಲ್ಲುತ್ತಾನೆ. ಆ ರಾತ್ರಿ ಚಪ್ಪಾಳೆ ತಟ್ಟಿದ ಪ್ರೇಕ್ಷಕರಿದ್ದರು. ಎರಡು ವರ್ಷದ ನಂತರ, ಐದನೆಯ ಸೀಸನ್ನಿನಲ್ಲಿ, ಆ ಕೊಲೆಯ ಆರೋಪ ಬೀಳುವುದು ವಾಯ್ಟ್‌ನ ಹಳೆಯ ಗೆಳೆಯ ಆಲ್ ಒಲಿನ್ಸ್ಕಿಯ ಮೇಲೆ. ಗೆಳೆಯನ ಹೆಸರು ಹೇಳದೆ ಅವನು ಜೈಲಿಗೆ ಹೋಗುತ್ತಾನೆ, ಅಲ್ಲಿ ಇರಿತಕ್ಕೆ ಸಿಕ್ಕಿ ಸಾಯುತ್ತಾನೆ. ವಾಯ್ಟ್ ಮಾಡಿದ ಸಾಲವನ್ನು ಬೇರೊಬ್ಬ ತೀರಿಸಿದ. 2020ರಲ್ಲಿ ಪೊಲೀಸನೊಬ್ಬನ ಕೈಯಲ್ಲಿ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ಮೇಲೆ ಬಂದ ಎಂಟನೆಯ ಸೀಸನ್ನಿನಲ್ಲಿ ಸುಧಾರಣೆ ಬಯಸುವ ಮೇಲಧಿಕಾರಿ ಸಮಂತಾ ಮಿಲ್ಲರ್ ವಾಯ್ಟ್‌ನ ಎದುರು ನಿಲ್ಲುತ್ತಾಳೆ. ನೀವು ಕಾನೂನು ಓದುತ್ತಿರುವವರು, ಐದನೆಯ ಸೀಸನ್ನಿನ ಕೊನೆಯ ಎರಡು ಸಂಚಿಕೆಗಳನ್ನು ಸಹಪಾಠಿಗಳ ಜೊತೆ ನೋಡಿ ಚರ್ಚಿಸಿ ಎಂದು ಕೋರುತ್ತೇನೆ.

ಪ್ರಶ್ನೆ: ನ್ಯಾಯಾಲಯದ ಕುರಿತು ನಾಲ್ಕನೆಯ ಧಾರಾವಾಹಿಯೊಂದು ಇತ್ತಲ್ಲವೇ? (ಓದುಗ, ಕಲಬುರಗಿ)

ಉತ್ತರ: ಇತ್ತು. ‘ಶಿಕಾಗೊ ಜಸ್ಟಿಸ್’ 2017ರ ಮಾರ್ಚ್‌ನಲ್ಲಿ ಆರಂಭವಾಗಿ 13 ಸಂಚಿಕೆಗಳಿಗೇ ನಿಂತಿತು. ಅದರ ತನಿಖಾಧಿಕಾರಿಯಾಗಿ ಹೋಗಿದ್ದ ಆಂಟೊನಿಯೊ ಮತ್ತೆ ‘ಪಿ.ಡಿ.’ಗೆ ಬಂದ, ಸರ್ಕಾರಿ ವಕೀಲ ಪೀಟರ್ ಸ್ಟೋನ್ ನ್ಯೂಯಾರ್ಕ್‌ನ ‘ಲಾ ಆ್ಯಂಡ್ ಆರ್ಡರ್: ಎಸ್‌ವಿಯು’ಗೆ ಹೋದ. ನನಗೆ ಅದು ನಿಂತದ್ದು ಬೇಸರವೇ, ಏಕೆಂದರೆ ವಾಯ್ಟ್ ತಂದ ಸಾಕ್ಷ್ಯ ನ್ಯಾಯಾಧೀಶರ ಮುಂದೆ ನಿಲ್ಲುತ್ತದೆಯೇ ಎಂದು ವಾರವಾರವೂ ಕೇಳುವ ಜಾಗ ಅದೊಂದೇ ಆಗಿತ್ತು.

ಪ್ರಶ್ನೆ: ಬೆಂಕಿಯ ದೃಶ್ಯಗಳು ಎಷ್ಟು ನಿಜ? (ಅಗ್ನಿಶಾಮಕ ಸಿಬ್ಬಂದಿಯೊಬ್ಬರ ಪತ್ನಿ, ಬಳ್ಳಾರಿ)

ಉತ್ತರ: ನಿಮ್ಮ ಮನೆಯವರು ನನಗಿಂತ ಚೆನ್ನಾಗಿ ಹೇಳಬಲ್ಲರು. ನಿಜವಾದ ಬೆಂಕಿಯಲ್ಲಿ ಕರಿಹೊಗೆ ತುಂಬಿ ಚಾಚಿದ ಕೈಯೂ ಕಾಣದು, ಗೋಡೆ ಹಿಡಿದು ತೆವಳಬೇಕು. ತೆರೆಯ ಮೇಲೆ ನಟರ ಮುಖ ಕಾಣಬೇಕಾದ್ದರಿಂದ ಹೊಗೆ ತಿಳಿಯಾಗಿರುತ್ತದೆ. ಆದರೆ ಉಪಕರಣ ಹಿಡಿಯುವ ರೀತಿ, ಆಜ್ಞೆಯ ಮಾತು ಇವುಗಳಲ್ಲಿ ಶ್ರದ್ಧೆಯಿದೆ. ಶಿಕಾಗೊ ಅಗ್ನಿಶಾಮಕ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಸ್ಟೀವ್ ಚಿಕೆರೊಟಿಸ್ ತಾಂತ್ರಿಕ ಸಲಹೆಗಾರರು. ಸ್ಕ್ವಾಡ್‌ನ ಟೋನಿಯಾಗಿ ನಟಿಸುವವರು ನಿಜ ಜೀವನದಲ್ಲೂ ಅಗ್ನಿಶಾಮಕರು. ಸಾವನ್ನೂ ಧಾರಾವಾಹಿ ಮುಚ್ಚಿಡುವುದಿಲ್ಲ. ಮೂರನೆಯ ಸೀಸನ್ನಿನ ಆರಂಭದಲ್ಲಿ ಪ್ಯಾರಾಮೆಡಿಕ್ ಲೆಸ್ಲಿ ಶೇ, ಎಂಟನೆಯದರ ಆರಂಭದಲ್ಲಿ ಅಗ್ನಿಶಾಮಕ ಓಟಿಸ್ ಕರ್ತವ್ಯದಲ್ಲೇ ಸಾಯುತ್ತಾರೆ, ಅವರ ನೆನಪು ಮುಂದಿನ ಸೀಸನ್ನುಗಳಲ್ಲೂ ಠಾಣೆಯನ್ನು ಬಿಡುವುದಿಲ್ಲ. 1910ರ ಡಿಸೆಂಬರ್‌ನಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ಬೆಂಕಿಯಲ್ಲಿ ತನ್ನ ಮುಖ್ಯಸ್ಥನೂ ಸೇರಿ 21 ಅಗ್ನಿಶಾಮಕರನ್ನು ಒಂದೇ ದಿನ ಕಳೆದುಕೊಂಡ ಊರು ಅದು.

ಪ್ರಶ್ನೆ: ನಾವು ಶಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿದ್ದೇವೆ. ಬೇಸಿಗೆಗೆ ಊರಿನಿಂದ ಅಪ್ಪ, ಅಮ್ಮ ಬರುತ್ತಾರೆ; ಅಮ್ಮ ಈ ಧಾರಾವಾಹಿಗಳ ಅಭಿಮಾನಿ. ಅವರಿಗೆ ಏನನ್ನು ತೋರಿಸಬಹುದು? (ಕನ್ನಡ ಓದುಗ, ಅಮೆರಿಕ)

ಉತ್ತರ: ಒಳಾಂಗಣ ದೃಶ್ಯಗಳು ಹಳೆಯ ಉಕ್ಕಿನ ಕಾರ್ಖಾನೆಯೊಂದನ್ನು ಮಾರ್ಪಡಿಸಿದ ಸಿನೆಸ್ಪೇಸ್ ಸ್ಟುಡಿಯೊದಲ್ಲಿ ತಯಾರಾಗುತ್ತವೆ. ಹೊರನೋಟದ ಕಟ್ಟಡಗಳನ್ನು ಮಾತ್ರ ಒಂದೇ ಮಧ್ಯಾಹ್ನ ನೋಡಬಹುದು. ‘ಪಿ.ಡಿ.’ಯಲ್ಲಿ 21ನೇ ಡಿಸ್ಟ್ರಿಕ್ಟ್ ಪೊಲೀಸ್ ಠಾಣೆಯಾಗಿ ಕಾಣುವುದು ಮ್ಯಾಕ್ಸ್‌ವೆಲ್ ಸ್ಟ್ರೀಟ್‌ನ ಹಳೆಯ ಪೊಲೀಸ್ ಠಾಣೆ. 1981ರಲ್ಲಿ ಬಂದ ಪೊಲೀಸ್ ಧಾರಾವಾಹಿ ‘ಹಿಲ್ ಸ್ಟ್ರೀಟ್ ಬ್ಲೂಸ್’ನ ಆರಂಭದಲ್ಲೂ ಅದೇ ಕಟ್ಟಡವಿತ್ತು, ಈಗ ಅಲ್ಲಿರುವುದು ಇಲಿನಾಯ್ ವಿಶ್ವವಿದ್ಯಾಲಯದ ಪೊಲೀಸರು. ‘ಮೆಡ್’ನ ಗ್ಯಾಫ್ನಿ ಆಸ್ಪತ್ರೆಯ ಹೊರನೋಟ ರಶ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ್ದು. ‘ಫೈರ್’ನಲ್ಲಿ ಠಾಣೆ 51 ಎಂದು ತೋರಿಸುವುದು ಬ್ಲೂ ಐಲ್ಯಾಂಡ್ ಅವೆನ್ಯೂದಲ್ಲಿರುವ ಇಂಜಿನ್ 18ರ ಠಾಣೆಯನ್ನು. ಅಲ್ಲಿ ನಿಜವಾದ ಸಿಬ್ಬಂದಿ ಹಗಲಿರುಳು ಕರ್ತವ್ಯದಲ್ಲಿರುತ್ತಾರೆ. ಅಮ್ಮನ ಫೋಟೊ ತೆಗೆಯುವಾಗ ಎದುರಿನ ಕಾಲುದಾರಿಯಲ್ಲೇ ನಿಲ್ಲಿ. ಗಂಟೆ ಬಾರಿಸಿದರೆ ಆ ಕೆಂಪು ಬಾಗಿಲುಗಳ ಮುಂದೆ ಯಾರೂ ಇರಬಾರದು.