ಓದುಗರ ಪ್ರಶ್ನೆ: ‘ಮೊಬಿ ಡಿಕ್’ನಲ್ಲಿ ಹಗ್ಗಕ್ಕೂ ಒಂದು ಅಧ್ಯಾಯ ಬೇಕಿತ್ತೆ?

ಹರ್ಮನ್ ಮೆಲ್ವಿಲ್‌ನ 1851ರ ಕಾದಂಬರಿ ‘ಮೊಬಿ ಡಿಕ್’ ಕುರಿತು ಬಂದ ಪತ್ರಗಳು ಈ ಸಲ ಒಂದಕ್ಕೊಂದು ತಿರುಗಿಬಿದ್ದಿವೆ. ತನ್ನ ಕಾಲನ್ನು ಕಿತ್ತುಕೊಂಡ ಬಿಳಿ ತಿಮಿಂಗಿಲದ ಬೆನ್ನುಹತ್ತಿ ಹೋಗುವ ಕ್ಯಾಪ್ಟನ್ ಅಹಾಬ್‌ನ ಕಥೆ ಅದು.

ಪ್ರಶ್ನೆ (ಮದ್ದೂರು): 135 ಅಧ್ಯಾಯಗಳ ಪುಸ್ತಕದಲ್ಲಿ ಕಥೆ ಎಷ್ಟಿದೆ? ಮಿಕ್ಕದ್ದೆಲ್ಲ ಹಗ್ಗ, ಎಣ್ಣೆ, ತಲೆ, ಬಾಲ. ಇವನ್ನೆಲ್ಲ ಕತ್ತರಿಸಿದ್ದರೆ ಚೆನ್ನಾಗಿರುತ್ತಿತ್ತು. ಹಗ್ಗಕ್ಕೇ ಒಂದು ಅಧ್ಯಾಯ ಏಕೆ?

ಉತ್ತರ: ಹಗ್ಗದ ಅಧ್ಯಾಯ (60) ಕತ್ತರಿಸಿದರೆ ಅಹಾಬ್‌ನ ಸಾವು ಅರ್ಥವಾಗುವುದಿಲ್ಲ. ತಿಮಿಂಗಿಲಕ್ಕೆ ಎಸೆಯುವ ಈಟಿಗೆ ಕಟ್ಟುವ, ಒಂದು ಅಂಗುಲದ ಮೂರನೇ ಎರಡು ಭಾಗ ದಪ್ಪದ ಹಗ್ಗ ಅದು. ಸುಮಾರು ಮೂರು ಟನ್ ಎಳೆತ ತಡೆಯುತ್ತದೆ, ಉದ್ದ 200 ಮಾರಿಗಿಂತ ಹೆಚ್ಚು. ಅದನ್ನು ತೊಟ್ಟಿಯೊಳಗೆ ಸುರುಳಿ ಸುತ್ತುವುದಕ್ಕೇ ಈಟಿಗಾರರು ಅರ್ಧ ದಿನ ಕಳೆಯುತ್ತಾರೆ. ಸುರುಳಿಯಲ್ಲಿ ಎಲ್ಲಾದರೂ ಒಂದು ಸಿಕ್ಕು ಉಳಿದರೆ, ಹಗ್ಗ ಹರಿಯುವಾಗ ಯಾರದೋ ಕೈಯೋ ಕಾಲೋ ಅದರ ಜೊತೆಗೇ ಹೋಯಿತು. ತೊಟ್ಟಿಯಿಂದ ಹೊರಟ ಹಗ್ಗ ಮೊದಲು ದೋಣಿಯ ಹಿಂಬದಿಯ ಗೂಟ ಬಳಸುತ್ತದೆ, ಆಮೇಲೆ ಹುಟ್ಟು ಹಾಕುವವರ ಮಣಿಕಟ್ಟಿಗೆ ತಾಗುತ್ತ ಇಡೀ ದೋಣಿಯುದ್ದಕ್ಕೂ ಸಾಗಿ ಮೂತಿಯಲ್ಲಿ ಹೊರಬೀಳುತ್ತದೆ. ದೋಣಿಯಲ್ಲಿ ಕೂತವರೆಲ್ಲ ಅದರ ಸುತ್ತುಗಳ ಒಳಗೇ ಇರುತ್ತಾರೆ. ತೊಟ್ಟಿಯೊಳಗಿನ ತುದಿಯನ್ನು ಮಾತ್ರ ಯಾವುದಕ್ಕೂ ಕಟ್ಟುವುದಿಲ್ಲ. ತಿಮಿಂಗಿಲ ಆಳಕ್ಕಿಳಿದರೆ ಪಕ್ಕದ ದೋಣಿಯ ಹಗ್ಗವನ್ನು ಅದಕ್ಕೆ ಸೇರಿಸಬಹುದು. ಅದಕ್ಕಿಂತ ಮುಖ್ಯವಾಗಿ, ಕಟ್ಟಿಬಿಟ್ಟಿದ್ದರೆ ದೋಣಿಯೇ ನೀರಿನಡಿಗೆ ಹೋದೀತು.

ಇದಿಷ್ಟು ತಲೆಯಲ್ಲಿಟ್ಟುಕೊಂಡು ಕೊನೆಯ ಅಧ್ಯಾಯ ಓದಿ. ಅಹಾಬ್ ಈಟಿ ಎಸೆಯುತ್ತಾನೆ, ಹಗ್ಗ ಸಿಕ್ಕಾಗುತ್ತದೆ, ಬಗ್ಗಿ ಬಿಡಿಸುತ್ತಾನೆ. ಬಿಡಿಸಿಯೂ ಆಯಿತು. ಅಷ್ಟರಲ್ಲಿ ಹಾರಿಬಂದ ಒಂದು ಸುತ್ತು ಕೊರಳಿಗೆ ಬೀಳುತ್ತದೆ. ಜೊತೆಯವರಿಗೆ ತಿಳಿಯುವ ಮೊದಲೇ ಅವನು ದೋಣಿಯಲ್ಲಿಲ್ಲ. ಮೆಲ್ವಿಲ್ ಆ ಸಾವನ್ನು ಎರಡು ಮೂರು ವಾಕ್ಯಗಳಲ್ಲಿ ಮುಗಿಸಬಲ್ಲ, ಏಕೆಂದರೆ ವಿವರಿಸುವ ಕೆಲಸ 75 ಅಧ್ಯಾಯಗಳ ಹಿಂದೆಯೇ ಮುಗಿದಿದೆ.

ಪ್ರಶ್ನೆ (ಕುವೆಂಪುನಗರ, ಮೈಸೂರು): ಒಂದು ಪದವನ್ನೂ ಬಿಡಬಾರದು ಎನ್ನುವವಳು ನಾನು. ಎಣ್ಣೆ ಕಾಯಿಸುವ ಅಧ್ಯಾಯ ಬೇಸರ ಎನ್ನುವವರಿಗೆ ಏನು ಹೇಳಲಿ?

ಉತ್ತರ: ಮಂಡ್ಯದ ಕಡೆಯವರಾದರೆ ಆಲೆಮನೆ ನೆನಪಿಸಿಕೊಳ್ಳಿ ಎನ್ನಿ. ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಕೊಪ್ಪರಿಗೆಯ ಒಲೆಗೆ ಹಾಕುತ್ತೇವಲ್ಲ, ತಿಮಿಂಗಿಲದ ಕೊಬ್ಬು ಕಾಯಿಸಿ ಎಣ್ಣೆ ಇಳಿಸುವ ಹಡಗಿನಲ್ಲೂ ಹಾಗೆಯೇ. ಒಲೆ ಹೊತ್ತಿಸಲು ಮಾತ್ರ ಸೌದೆ. ಆಮೇಲೆ ಎಣ್ಣೆ ಬಿಟ್ಟು ಸುಕ್ಕಿ ಗರಿಗರಿಯಾದ ಕೊಬ್ಬಿನ ಚೂರುಗಳೇ ಉರುವಲು. ಕೊಬ್ಬನ್ನು ಹಾಳೆಯಷ್ಟು ತೆಳ್ಳಗೆ ಕೊಯ್ಯಬೇಕು. ದಪ್ಪ ಕೊಯ್ದರೆ ಕಾಯಲು ಹೊತ್ತು ಹಿಡಿಯುತ್ತದೆ, ಎಣ್ಣೆಯೂ ಕಡಿಮೆ ಇಳಿಯುತ್ತದೆ. ಹತ್ತಡಿ ಉದ್ದ, ಎಂಟಡಿ ಅಗಲ, ಐದಡಿ ಎತ್ತರದ ಇಟ್ಟಿಗೆ ಒಲೆ, ಅದೂ ಮರದ ಹಡಗಿನ ಮೇಲೆ! ಹಡಗಿನ ಮರದ ಹಾಸು ಸುಡದಿರಲೆಂದು ಒಲೆಯ ಕೆಳಗೆ ನೀರಿನ ತೊಟ್ಟಿ. ಆವಿಯಾದಂತೆಲ್ಲ ನೀರು ತುಂಬುತ್ತಿರಬೇಕು.

ಅದೇ ಅಧ್ಯಾಯದ (96) ಕೊನೆಯಲ್ಲಿ ಚುಕ್ಕಾಣಿ ಹಿಡಿದ ಇಶ್ಮೇಲ್ (ಕಥೆ ಹೇಳುವ ನಾವಿಕ ಇವನೇ) ಆ ಬೆಂಕಿಯನ್ನೇ ನೋಡುತ್ತ ತೂಕಡಿಸಿ, ತನಗೇ ತಿಳಿಯದೆ ಹಿಂದಕ್ಕೆ ತಿರುಗಿ ನಿಂತುಬಿಡುತ್ತಾನೆ. ಹಡಗು ಮಗುಚುವುದು ಕೂದಲೆಳೆಯಲ್ಲಿ ತಪ್ಪುತ್ತದೆ. ಒಂದೇ ಬೆಂಕಿಯಲ್ಲಿ ಕಣ್ಣು ನೆಟ್ಟವನು ದಿಕ್ಕು ತಪ್ಪುತ್ತಾನೆ ಎಂಬ ಎಚ್ಚರ ಅಹಾಬ್‌ನ ಕುರಿತೇ ಹೇಳಿದಂತಿದೆ. ಒಲೆಯ ಅಳತೆ ಬಿಟ್ಟು ಈ ಪುಟವೊಂದನ್ನೇ ಓದಿದರೆ ಅದು ಬರೀ ಉಪದೇಶವಾಗುತ್ತದೆ.

ಆದರೂ ಒಂದು ಪದವನ್ನೂ ಬಿಡಬಾರದು ಎಂಬ ನಿಮ್ಮ ಹಟಕ್ಕೆ ನನ್ನ ಒಪ್ಪಿಗೆಯಿಲ್ಲ. ತಿಮಿಂಗಿಲಗಳನ್ನು ಪುಸ್ತಕದ ಗಾತ್ರಗಳಂತೆ ವಿಂಗಡಿಸುವ 32ನೇ ಅಧ್ಯಾಯ ನಿಜಕ್ಕೂ ಭಾರ. ಹಡಗು ಹೊರಡುವುದು 22ರಲ್ಲಿ, ಅಹಾಬ್ ಕಣ್ಣಿಗೆ ಬೀಳುವುದು 28ರಲ್ಲಿ, ಅವನು ಜನರಿಂದ ಆಣೆ ಮಾಡಿಸುವುದು 36ರಲ್ಲಿ. ಮೊದಲ ಓದಿನವರು 32ನ್ನು ದಾಟಿ 36ಕ್ಕೆ ಹೋಗಲಿ, ಆಮೇಲೆ ಹಿಂದಿರುಗಲಿ.

ಪ್ರಶ್ನೆ (ಶ್ರೀರಂಗಪಟ್ಟಣ): ತಿಮಿಂಗಿಲವನ್ನು ಮೀನು ಎನ್ನುವ ಪುಸ್ತಕವನ್ನು ನಂಬುವುದು ಹೇಗೆ?

ಉತ್ತರ: ಹಾಗೆನ್ನುವವನು ಇಶ್ಮೇಲ್, ಅದೂ ಗೊತ್ತಿದ್ದೇ. ಶ್ವಾಸಕೋಶ, ಬಿಸಿ ರಕ್ತ ಎರಡನ್ನೂ ಅವನೇ ಹೇಳುತ್ತಾನೆ. ಜೀವಿಗಳನ್ನು ವರ್ಗೀಕರಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲೇ ತಿಮಿಂಗಿಲವನ್ನು ಸಸ್ತನಿಗಳ ಸಾಲಿಗೆ ಸೇರಿಸಿದ್ದ. ಇಶ್ಮೇಲ್ ಮಾತ್ರ ನಾವಿಕರ ಪರ ನಿಲ್ಲುತ್ತಾನೆ. ಅವನ ಕಣ್ಣು ಎಷ್ಟು ಚುರುಕು ಎನ್ನುವುದಕ್ಕೆ 55ನೇ ಅಧ್ಯಾಯ ನೋಡಿ: ಮತ್ಸ್ಯಾವತಾರದ ಶಿಲ್ಪದಲ್ಲಿ ಬಾಲ ಹಾವಿನ ಬಾಲದಂತೆ ಸಪೂರವಾಗಿದೆ, ತಿಮಿಂಗಿಲದ್ದು ಹಾಗಿರುವುದಿಲ್ಲ ಎಂದು ತಪ್ಪು ಹಿಡಿಯುತ್ತಾನೆ. 82ರಲ್ಲಿ ವೇದಗಳನ್ನು ತರಲು ನೀರಿನ ತಳಕ್ಕಿಳಿದ ವಿಷ್ಣುವನ್ನು ತಿಮಿಂಗಿಲ ಬೇಟೆಗಾರರ ಬಳಗಕ್ಕೇ ಸೇರಿಸಿಕೊಳ್ಳುತ್ತಾನೆ.

ಪ್ರಶ್ನೆ (ಪಾಂಡವಪುರ): ಹಡಗು ಮುಳುಗಿ ಎಲ್ಲರೂ ಸತ್ತರೆ ಕಥೆ ಹೇಳಿದವರು ಯಾರು? ಇದು ದೊಡ್ಡ ದೋಷವಲ್ಲವೆ?

ಉತ್ತರ: 1851ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂದ ಮೊದಲ ಮುದ್ರಣದಲ್ಲಿ ಉಪಸಂಹಾರವೇ ಬಿಟ್ಟುಹೋಗಿತ್ತು. ಅಲ್ಲಿನ ವಿಮರ್ಶಕರೂ ಇದನ್ನೇ ಕೇಳಿ ಬೈದರು. ನವೆಂಬರಿನ ನ್ಯೂಯಾರ್ಕ್ ಮುದ್ರಣದಲ್ಲಿ ಅದು ಇದೆ. ಇಶ್ಮೇಲ್‌ನ ಗೆಳೆಯ ಕ್ವೀಕ್ವೆಗ್‌ನಿಗಾಗಿ ಮಾಡಿಸಿದ ಶವಪೆಟ್ಟಿಗೆಯನ್ನು ಆಮೇಲೆ ತೇಲುಬುರುಡೆಯಾಗಿ ಮಾರ್ಪಡಿಸಿದ್ದರು. ಅದನ್ನೇ ಹಿಡಿದು ತೇಲಿದ ಇಶ್ಮೇಲ್‌ನನ್ನು ‘ರೇಚೆಲ್’ ಎಂಬ ಹಡಗು ಎತ್ತಿಕೊಳ್ಳುತ್ತದೆ. ನಿಮ್ಮ ಪ್ರತಿಯಲ್ಲಿ 135ನೇ ಅಧ್ಯಾಯದ ನಂತರ ಒಂದು ಪುಟ ಇದೆಯೇ ನೋಡಿ. ಇಲ್ಲವಾದರೆ ಬೇರೆ ಪ್ರತಿ ಹುಡುಕಿ.